ಊಟದ ಹೊತ್ತಿನ ಮೊಬೈಲ್ ಬಿಡಿಸಿದ್ದು ಹೀಗೆ

ಮಗನಿಗೆ ಆಗ ಎರಡೂವರೆ ವರ್ಷ. ಮೊಬೈಲ್ ಹಾಕಿಕೊಡದೆ ಒಂದು ತುತ್ತೂ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ಸಾರನ್ನ ಖಾಲಿಯಾಯಿತೆಂದು ಮಧ್ಯದಲ್ಲೇ ಮೊಸರನ್ನ ತಿನ್ನಿಸತೊಡಗಿದೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಾಯಲ್ಲಿ ಏನಿದೆ ಅಂತಲೇ ಮಗುವಿಗೆ ಗೊತ್ತಿರಲಿಲ್ಲ. ಅವತ್ತು ಕರುಳು ಚುರುಕ್ ಅಂದಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷ ತುಂಬುವ ತನಕ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು. ನಮ್ಮಲ್ಲಿ ತಿಂಡಿ, ಊಟಕ್ಕೇ 2 ಗಂಟೆ ಆಗುತ್ತಿತ್ತು. ಅದಕ್ಕೇ ಬೇರೆ ಯಾವುದಕ್ಕೂ ಕೈ ಹಾಕದೆ ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿದೆ.

ಮೊದಲ ನಾಲ್ಕು ದಿನ ತುಂಬಾ ಕಷ್ಟ. ಅತ್ತು, ತಟ್ಟೆ ತಳ್ಳಿ, ಎರಡೇ ತುತ್ತಿಗೆ ಎದ್ದುಬಿಡುತ್ತಿದ್ದ. "ಕೊಟ್ಟುಬಿಡಮ್ಮ, ಮಗು ಹಸ್ಕೊಂಡು ಮಲಗುತ್ತೆ" ಅಂತ ಅತ್ತೆಗೆ ಸಂಕಟ. ನನಗೂ ಅದೇ ಸಂಕಟ. ಆದರೂ ಗಟ್ಟಿ ಮನಸ್ಸು ಮಾಡಿದೆವು, ಮಧ್ಯೆ ಮಧ್ಯೆ ಬಿಸ್ಕತ್ತು ಕೊಡೋದನ್ನೂ ಬಿಟ್ಟೆವು. ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು, ಅವನಿಗೂ ಒಂದು ಪುಟ್ಟ ಸ್ಟೀಲ್ ತಟ್ಟೆ ಇಟ್ಟು, ಅವನ ಕೈಯಲ್ಲೇ ತಿನ್ನಲು ಬಿಟ್ಟೆವು. ಅರ್ಧ ಅನ್ನ ನೆಲಕ್ಕೆ. ಐದನೇ ದಿನ ಅತ್ತೆ ಮೊಸರನ್ನದ ಸಣ್ಣ ಸಣ್ಣ ಉಂಡೆ ಕಟ್ಟಿ ಸಾಲಾಗಿ ಇಟ್ಟು, "ಇದು ಕಾಗೆಗೆ, ಇದು ಗುಬ್ಬಿಗೆ" ಅಂದರು. ಗುಬ್ಬಿಯದನ್ನೆಲ್ಲ ಇವನೇ ಬಾಯಿಗೆ ಹಾಕಿಕೊಂಡ. ದೊಡ್ಡವರ ಫೋನ್ ಕೂಡ ಆ ಹೊತ್ತಿಗೆ ಫ್ರಿಜ್ ಮೇಲೆ. ಇದಿಲ್ಲದಿದ್ದರೆ ಉಳಿದದ್ದು ಯಾವುದೂ ನಡೆಯುತ್ತಿರಲಿಲ್ಲ.

ಈಗ ಸಂಜೆ ಅರ್ಧ ಗಂಟೆ ಟಿವಿ, ನಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಕೂತು. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿಡಿ, ಒಂದಾದ ಮೇಲೊಂದು ತಾನಾಗಿ ಬರುತ್ತಿದ್ದರೆ ಮಗು ಎಲ್ಲಿ ನಿಲ್ಲಿಸಬೇಕು ಹೇಳಿ? "ಇನ್ನು ಐದು ನಿಮಿಷ" ಅಂದರೆ ಈ ವಯಸ್ಸಿಗೆ ಅರ್ಥವಾಗಲ್ಲ. "ಇನ್ನೆರಡು ಹಾಡು, ಆಮೇಲೆ ನೀನೇ ಆಫ್ ಮಾಡು" ಅಂದರೆ ಆಗುತ್ತೆ. ರಿಮೋಟ್ ಅವನ ಕೈಗೇ ಕೊಡುತ್ತೇನೆ. ಆಫ್ ಆದ ತಕ್ಷಣ ಕೈಗೆ ಏನಾದರೂ ಬೇಕಲ್ವಾ, ಅದಕ್ಕೆ ಚಪಾತಿ ಹಿಟ್ಟಿನ ಉಂಡೆಯೋ, ಬಿಡಿಸಲು ಅವರೆಕಾಯಿಯೋ ಮೊದಲೇ ತೆಗೆದಿಟ್ಟಿರುತ್ತೇನೆ.

ಬಸ್ ಪ್ರಯಾಣ ಮಾತ್ರ ಇನ್ನೂ ಸರಿಹೋಗಿಲ್ಲ. ಪಕ್ಕದ ಸೀಟಿನವರ ಫೋನಿಗೆ ಕತ್ತು ಚಾಚುತ್ತಾನೆ. ಸದ್ಯಕ್ಕೆ ಕಿಟಕಿ ಪಕ್ಕ ಕೂರಿಸಿಕೊಂಡು ಲಾರಿ ಎಣಿಸುತ್ತಿದ್ದೇವೆ.