ಅಮ್ಮನನ್ನು ಟೊಲೆಡೊಗೆ ಕರ್ಕೊಂಡು ಹೋಗುವವರಿಗೆ ಒಂದು ಸಲಹೆ

ಸ್ಪೇನ್‌ನ ಹಳೆಯ ಊರು ಟೊಲೆಡೊ, ಮ್ಯಾಡ್ರಿಡ್‌ನಿಂದ ಒಂದು ದಿನಕ್ಕೆ ಆರಾಮಾಗಿ ಆಗುತ್ತದೆ. ಅಟೋಚಾ ಸ್ಟೇಷನ್‌ನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಅಷ್ಟೇ. ವಾರಾಂತ್ಯದಲ್ಲಿ ಸೀಟು ಬೇಗ ತುಂಬುತ್ತದೆ, ಹೋಗುವ ಬರುವ ಎರಡೂ ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಕಷ್ಟ ಶುರುವಾಗೋದು ಇಳಿದ ಮೇಲೆ. ಮೂರು ಕಡೆ ತಾಹೋ ನದಿ ಸುತ್ತಿಕೊಂಡಿರುವ ಗುಡ್ಡದ ಮೇಲಿನ ಊರು ಅದು, ಎಲ್ಲಾ ಏರು, ಎಲ್ಲಾ ಕಲ್ಲು ಹಾಸು. ನಮ್ಮಮ್ಮನಿಗೆ ಮಂಡಿನೋವು, ಆದರೂ ನಾನು ಜಾಣನ ಹಾಗೆ ಸ್ಟೇಷನ್‌ನಿಂದ ನಡೆಸಿಕೊಂಡು ಹೊರಟೆ, ಅರ್ಧ ದಾರಿಯಲ್ಲೇ ಅವರು ಕಟ್ಟೆ ಮೇಲೆ ಕೂತು "ನೀನು ನೋಡ್ಕೊಂಡು ಬಾ ಹೋಗಪ್ಪ" ಅಂದುಬಿಟ್ಟರು. ನೀವು ಹಾಗೆ ಮಾಡಬೇಡಿ. ಸಿಟಿ ಬಸ್ ಹತ್ತಿ ಸೀದಾ ಮೇಲೆ ಊರೊಳಗಿನ ಸೊಕೊದೊವೆರ್ ಚೌಕದಲ್ಲಿ ಇಳಿಯಿರಿ. ಬಿಸಾಗ್ರಾ ಅನ್ನೋ ಹಳೇ ಕೋಟೆ ಬಾಗಿಲಿನ ಕಡೆಯಿಂದ ಬಂದರೆ ಅಲ್ಲಿ ಹತ್ತಿರದಲ್ಲೇ ಎಸ್ಕಲೇಟರ್ ಇದೆ, ದುಡ್ಡೂ ಕೊಡಬೇಕಾಗಿಲ್ಲ.

ಎಲ್ಲಾ ನೋಡಲು ಓಡಬೇಡಿ. ಕೆಥೆಡ್ರಲ್‌ಗೆ ಎರಡು ಗಂಟೆ ಇಡಿ, ಆಮೇಲೆ ಸಾಂತೊ ತೊಮೆ ಚರ್ಚಿನಲ್ಲಿ ಎಲ್ ಗ್ರೆಕೊ ಬರೆದ ದೊಡ್ಡ ಚಿತ್ರ. ಸಾಕು. ಜುಲೈ, ಆಗಸ್ಟ್‌ನಲ್ಲಂತೂ ಮಧ್ಯಾಹ್ನ ಬೀದಿ ಸುತ್ತುವ ಮಾತೇ ಬೇಡ, ಬಿಸಿಲು ಅಷ್ಟು ಜಾಸ್ತಿ.

ಅಲ್ಲಿನ ಮಾಸಾಪಾನ್ ತಿನ್ನಿ, ಬಾದಾಮಿ ಸಕ್ಕರೆಯದ್ದು, ಹೆಚ್ಚುಕಮ್ಮಿ ನಮ್ಮ ಬಾದಾಮಿ ಬರ್ಫಿಯ ಅಣ್ಣ. ಆದರೆ ಕೆಲವಕ್ಕೆ ಮೇಲೆ ಮೊಟ್ಟೆ ಸವರಿರುತ್ತಾರೆ. ಅಮ್ಮ ಮೊಟ್ಟೆ ತಿನ್ನದವರಾದರೆ ಕೇಳಿಯೇ ತೆಗೆದುಕೊಳ್ಳಿ, ನಾನು ಕೇಳಿದ್ದು ಅವರು ಎರಡು ತಿಂದಾದ ಮೇಲೆ!