ಬಾರು, ಹಗ್ಗ, ಹಲ್ಲಣ: ಸಜ್ಜಿನ ಪದಗಳ ಮೂಲವನ್ನು ಹುಡುಕುವ ಕ್ರಮ

ಎತ್ತು, ಕುದುರೆಗಳಿಗೆ ತೊಡಿಸುವ ಸಜ್ಜಿನ ಹೆಸರುಗಳು ಬಳಕೆಯಿಂದ ಜಾರಿಹೋಗುತ್ತಿವೆ. ಟ್ರ್ಯಾಕ್ಟರು ಉಳುವ ಹೊಲದಲ್ಲಿ ಮಿಣಿ, ಕಣ್ಣಿ, ಜತ್ತಿಗೆಗಳಿಗೆ ಕೆಲಸವಿಲ್ಲ. ವಸ್ತು ಮರೆಯಾದ ಮೇಲೆ ಅದರ ಹೆಸರು ಹೆಚ್ಚು ಕಾಲ ನಿಲ್ಲುವುದಿಲ್ಲವಾದ್ದರಿಂದ, ಇವುಗಳ ಅರ್ಥ ಮತ್ತು ಮೂಲವನ್ನು ದಾಖಲಿಸುವ ಕೆಲಸ ಈಗಲೇ ಆಗಬೇಕು. ಭಾಷಾವಿಜ್ಞಾನ ಓದದವರೂ ಇದನ್ನು ಮಾಡಬಹುದು. ಆದರೆ ಕ್ರಮ ತಪ್ಪಬಾರದು.

ಮೊದಲು ನಿಘಂಟನ್ನು ತೆರೆಯಬೇಡಿ, ವಸ್ತುವನ್ನು ನೋಡಿ. ಅದು ಯಾವುದರಿಂದ ಆಗಿದೆ, ಪ್ರಾಣಿಯ ಮೈಯಲ್ಲಿ ಎಲ್ಲಿ ಕೂರುತ್ತದೆ, ಯಾವುದನ್ನು ಯಾವುದಕ್ಕೆ ಬಿಗಿಯುತ್ತದೆ ಎಂಬುದನ್ನು ಬೇಸಾಯಗಾರರಿಂದ, ಗಾಡಿ ಹೂಡಿದವರಿಂದ, ಚರ್ಮದ ಕೆಲಸ ಬಲ್ಲವರಿಂದ ಕೇಳಿ, ಅವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ, ಏಕೆಂದರೆ ಒಂದೇ ಪಟ್ಟಿಗೆ ಎರಡು ಸೀಮೆಗಳಲ್ಲಿ ಎರಡು ಹೆಸರಿರುವುದು ಸಾಮಾನ್ಯ.

‘ಬಾರು’ ಎಂಬ ಪದವನ್ನು ತೆಗೆದುಕೊಳ್ಳೋಣ. ಚಪ್ಪಲಿಯ ಬಾರು, ಎತ್ತುಗಳನ್ನು ಹೊಡೆಯುವ ಬಾರುಕೋಲು, ಇವೆರಡರಲ್ಲೂ ಇರುವುದು ಉದ್ದಕ್ಕೆ ಸೀಳಿದ ಚರ್ಮದ ಪಟ್ಟಿ. ಆದರೆ ಬಂದೂಕಿಗೆ ‘ಬಾರು ಮಾಡು’ ಎನ್ನುವಾಗಿನ ಬಾರು ಬೇರೆಯೇ ಪದ. ಗುಂಡಿನ ಹೊಡೆತಕ್ಕೆ ಮರಾಠಿಯಲ್ಲಿರುವ ‘ಬಾರ್’ ಎಂಬ ಮಾತಿನೊಂದಿಗೆ ಅದನ್ನು ಹೋಲಿಸಬೇಕು. ಹೀಗೆ ಒಂದೇ ರೂಪದ ಎರಡು ಪದಗಳನ್ನು ಆರಂಭದಲ್ಲೇ ಬೇರ್ಪಡಿಸದಿದ್ದರೆ ಮುಂದಿನ ಎಲ್ಲ ಶ್ರಮವೂ ಗೋಜಲಾಗುತ್ತದೆ.

ಅನಂತರ ಸೋದರ ಭಾಷೆಗಳನ್ನು ವಿಚಾರಿಸಿ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಚರ್ಮದ ಪಟ್ಟಿಗೆ ‘ವಾರ್’ ಎನ್ನುತ್ತಾರೆ. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯತವಾದ ಸಂಬಂಧ: ‘ವಾಯ್’ ಇದ್ದಲ್ಲಿ ನಮ್ಮದು ‘ಬಾಯಿ’, ‘ವಾ’ ಇದ್ದಲ್ಲಿ ‘ಬಾ’. ರೂಪವೂ ಅರ್ಥವೂ ಒಟ್ಟಿಗೆ ಹೊಂದಿಕೊಳ್ಳುವುದರಿಂದ ‘ಬಾರು’ ದ್ರಾವಿಡ ಮೂಲದ್ದೆಂದು ಧೈರ್ಯವಾಗಿ ಬರೆಯಬಹುದು. ಈ ಹೋಲಿಕೆಗೆ ಎರಡು ಗ್ರಂಥಗಳು ಸಾಕಷ್ಟು ನೆರವಾಗುತ್ತವೆ: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲರ ನಿಘಂಟು, ಮತ್ತು ಬರೋ ಹಾಗೂ ಎಮೆನೊ ಸಿದ್ಧಪಡಿಸಿದ ದ್ರಾವಿಡ ಜ್ಞಾತಿಪದಕೋಶ. ಎರಡನೆಯದರಲ್ಲಿ 1984ರ ಪರಿಷ್ಕೃತ ಆವೃತ್ತಿಯನ್ನೇ ಬಳಸಿ. ಪದವೊಂದು ಹಳೆಯ ಕಾವ್ಯ, ಶಾಸನಗಳಲ್ಲಿ ಹೇಗೆ ಬಂದಿದೆ ಎಂಬುದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಸಮನಾದದ್ದು ಕನ್ನಡದಲ್ಲಿ ಬೇರೊಂದಿಲ್ಲ.

ಸೋದರ ಭಾಷೆಯಲ್ಲಿ ಜೊತೆ ಸಿಕ್ಕಿದ ಮಾತ್ರಕ್ಕೆ ಪದ ದ್ರಾವಿಡವೆಂದು ತೀರ್ಮಾನಿಸಬಾರದು. ‘ಹಗ್ಗ’ದಷ್ಟು ನಮ್ಮದೆನಿಸುವ ಪದ ಇನ್ನೊಂದಿರಲಾರದು, ತೆಲುಗಿನಲ್ಲಿಯೂ ‘ಪಗ್ಗಮು’ ಇದೆ. ಹಳಗನ್ನಡದ ಪದಾದಿಯ ಪಕಾರ ಮುಂದೆ ಹಕಾರವಾದದ್ದು, ಅಂದರೆ ಪಾಲು ಹಾಲಾಗಿ, ಪೂ ಹೂವಾಗಿ ಮಾರ್ಪಟ್ಟದ್ದು ಎಲ್ಲರಿಗೂ ತಿಳಿದದ್ದೇ. ಅದರಂತೆ ಹಿಂದಕ್ಕೆ ಹೋದರೆ ‘ಪಗ್ಗ’ ಎಂಬ ರೂಪ ಸಿಗುತ್ತದೆ, ಅಲ್ಲಿಂದಾಚೆ ಸಂಸ್ಕೃತದ ‘ಪ್ರಗ್ರಹ’. ಪ್ರಗ್ರಹವೆಂದರೆ ಹಿಡಿದು ನಿಲ್ಲಿಸುವಂಥದ್ದು. ಕುದುರೆಯ ಲಗಾಮಿಗೂ ಅದೇ ಹೆಸರು. ಕಠೋಪನಿಷತ್ತಿನ ರಥದ ರೂಪಕದಲ್ಲಿ ಶರೀರವು ರಥ, ಬುದ್ಧಿಯು ಸಾರಥಿ, ಇಂದ್ರಿಯಗಳು ಕುದುರೆಗಳು. ಅಲ್ಲಿ ಮನಸ್ಸನ್ನು ಪ್ರಗ್ರಹವೆಂದೇ ಕರೆದಿದೆ. ತೆಲುಗಿನ ಪಗ್ಗಮು ಇಂದಿಗೂ ಲಗಾಮಿನ ಅರ್ಥವನ್ನು ಉಳಿಸಿಕೊಂಡಿದ್ದರೆ, ಕನ್ನಡದಲ್ಲಿ ಅದು ಬಾವಿಯ ಹಗ್ಗ, ಜಗ್ಗಾಟದ ಹಗ್ಗಗಳವರೆಗೆ ಹರಡಿಕೊಂಡಿದೆ. ಸಜ್ಜಿನ ಪದವೊಂದು ತನ್ನ ಕಸುಬಿನಿಂದ ಹೊರಬಂದು ಇಷ್ಟು ದೂರ ನಡೆದಿರುವುದನ್ನು ಕಂಡಾಗ ಆಗುವ ಸಂತೋಷಕ್ಕಾಗಿಯಾದರೂ ಈ ಹುಡುಕಾಟ ಮಾಡತಕ್ಕದ್ದು. ಇಂತಹ ತದ್ಭವಗಳು ರೂಪುಗೊಳ್ಳುವ ಬಗೆಯನ್ನು ಅರಿಯಲು ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದಿ.

ಧ್ವನಿನಿಯಮವೊಂದನ್ನೇ ನಂಬಿದರೂ ದಾರಿ ತಪ್ಪಬಹುದು. ಕುದುರೆಯ ಬೆನ್ನಿನ ಮೇಲಿನ ಆಸನವಾದ ‘ಹಲ್ಲಣ’ವನ್ನು ಕಂಡು, ಅದು ‘ಹಲ್ಲು’ ಎಂಬುದರಿಂದ ಬಂದಿರಬೇಕೆಂದು ಊಹಿಸುವುದು ಸುಲಭ. ಹಳೆಯ ರೂಪಗಳೂ ಕ್ರಮವಾಗಿ ‘ಪಲ್ಲಣ’ ಮತ್ತು ‘ಪಲ್’ ಆಗಿರುವುದರಿಂದ ಊಹೆಗೆ ಬಲ ಬಂದಂತೆಯೂ ತೋರುತ್ತದೆ. ಇಲ್ಲಿ ಕಾಪಾಡುವುದು ಮೊದಲು ಬರೆದುಕೊಂಡ ವಿವರವೇ: ಹಲ್ಲಣ ಬೆನ್ನಿಗೆ ಸೇರಿದ್ದು, ಬಾಯಿಗಲ್ಲ. ಅದರ ಮೂಲ ಸಂಸ್ಕೃತದ ‘ಪರ್ಯಾಣ’, ಪ್ರಾಕೃತದಲ್ಲಿ ‘ಪಲ್ಲಾಣ’. ಬಾಯಿಗೆ ಸೇರಿದ್ದು ಕಡಿವಾಣ. ಕುದುರೆ ಕಚ್ಚಿ ಹಿಡಿಯುವ ಕಬ್ಬಿಣದ ತುಂಡಿನ ಈ ಹೆಸರಿನಲ್ಲಿ ‘ಕಡಿ’ ಎಂಬ ಧಾತು ಎದ್ದು ಕಾಣುತ್ತದೆ, ತಮಿಳಿನ ‘ಕಡಿವಾಳಂ’ ಅದರ ಜೊತೆಗಾರ. ಬೆಲೆಯೇರಿಕೆಗೆ ಕಡಿವಾಣ ಹಾಕುವ ಪತ್ರಿಕೆಯ ಮಾತು ಇದರ ಲಾಕ್ಷಣಿಕ ಅರ್ಥ. ಅದನ್ನು ಮೂಲಾರ್ಥದ ಕೆಳಗೆ ಪ್ರತ್ಯೇಕವಾಗಿ ಬರೆಯಿರಿ.

ಇನ್ನು ಪಾರಸಿಯ ಪದರ. ‘ಲಗಾಮು’ ಪಾರಸಿಯ ‘ಲಗಾಮ್’. ‘ಜೀನು’ ಪಾರಸಿಯ ‘ಝೀನ್’, ‘ಝಮೀನ್’ ಜಮೀನಾದಂತೆಯೇ. ಜೀನು ಮಾಡುವವನನ್ನು ಸೂಚಿಸುವ ಪದವೇ ಜೀನಗಾರ ಎಂಬ ಸಮುದಾಯದ ಹೆಸರಾಗಿ ಉಳಿದಿದೆ. ಹಲ್ಲಣ ಮತ್ತು ಜೀನು ಒಂದೇ ವಸ್ತುವಿನ ಎರಡು ಹೆಸರುಗಳಾಗಿರುವುದರಿಂದ, ನಿಮ್ಮ ಸೀಮೆಯಲ್ಲಿ ಯಾವುದು ಉಳಿದಿದೆ, ಯಾರ ಬಾಯಲ್ಲಿ ಉಳಿದಿದೆ ಎಂಬುದನ್ನು ಗುರುತಿಸಲು ಮರೆಯಬೇಡಿ.

ಕೆಲವು ಪದಗಳು ಸುಲಭವಾಗಿ ಬಗ್ಗುವುದಿಲ್ಲ. ‘ನೊಗ’ಕ್ಕೆ ತಮಿಳಿನ ‘ನುಗಂ’ ಜೊತೆಯಾಗಿದೆ. ಅದೇ ಅರ್ಥದ ಸಂಸ್ಕೃತ ‘ಯುಗ’ವೂ ಹತ್ತಿರದಲ್ಲೇ ನಿಂತಿದೆ. ಆದರೆ ಎರವಲೆಂದು ಹೇಳಬೇಕಾದರೆ ಪದಾದಿಯ ಯಕಾರ ನಕಾರವಾದದ್ದು ಹೇಗೆಂದು ತೋರಿಸಬೇಕು. ಎರವಲಲ್ಲವೆಂದರೆ ಇಷ್ಟು ಹೋಲಿಕೆ ಏಕೆಂಬುದನ್ನು ವಿವರಿಸಬೇಕು. ಇಂತಹ ಕಡೆ ಮೂರೂ ರೂಪಗಳನ್ನು ಸಾಲಾಗಿ ಬರೆದು, ಮೂಲದ ಕಲಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಇಟ್ಟು, ಮುಂದಿನ ಪದಕ್ಕೆ ಹೋಗಿ.