ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಜಗಳ ಹತ್ತಿಕೊಂಡಾಗ: ಅಡ್ಮಿನ್‌ಗಳಿಗೊಂದು ಕೈಪಿಡಿ

"ಮೇಂಟೆನೆನ್ಸ್ ದುಡ್ಡು ಎಲ್ಲಿ ಹೋಯ್ತು? ಲೆಕ್ಕ ಕೊಡಿ." ರಾತ್ರಿ ಹತ್ತೂವರೆಗೆ ಗುಂಪಿನಲ್ಲಿ ಇಂಥದೊಂದು ಸಾಲು ಬೀಳುತ್ತದೆ. ಬರೆದವರಿಗೆ ಬೇಕಿರುವುದು ಲೆಕ್ಕವೋ ಜಗಳವೋ ಎಂಬುದು ಆ ಸಾಲಿನಿಂದ ಗೊತ್ತಾಗುವುದಿಲ್ಲ. ಇಬ್ಬರೂ ಬರೆಯುವುದು ಅದನ್ನೇ. ಬಹಳಷ್ಟು ಅಡ್ಮಿನ್‌ಗಳು ಎಡವುವುದು ಇಲ್ಲಿಯೇ: ಲೆಕ್ಕ ಕೇಳಿದವರನ್ನು ಕಿತಾಪತಿಯವರೆಂದು ಗದರುತ್ತಾರೆ, ಕಿತಾಪತಿಯವರಿಗೆ ಮೂರು ದಿನ ಕೂತು ವಿವರಣೆ ಕೊಡುತ್ತಾರೆ.

ತಿಳಿಯಲು ಒಂದೇ ದಾರಿ, ಕೇಳಿದ್ದನ್ನು ಕೊಟ್ಟುಬಿಡುವುದು. ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಲಿಫ್ಟ್ ರಿಪೇರಿಯ ಬಿಲ್, ಟ್ಯಾಂಕರ್ ನೀರಿನ ಖರ್ಚು, ಎಲ್ಲವನ್ನೂ ಪಿಡಿಎಫ್ ಮಾಡಿ ಹಾಕಿ. ಖಾತೆ ಸಂಖ್ಯೆ ಮರೆಮಾಡಿ, ಬಾಕಿ ಉಳಿಸಿಕೊಂಡವರ ಹೆಸರಿರುವ ಪುಟ ತೆಗೆಯಿರಿ. ಜೊತೆಗೆ ಒಂದು ಸಾಲು ಸಾಕು: "ಕೇಳಿದ ಲೆಕ್ಕ ಇಲ್ಲಿದೆ, ಅನುಮಾನವಿದ್ದರೆ ಭಾನುವಾರ ಆಫೀಸಿನಲ್ಲಿ ಪುಸ್ತಕ ನೋಡಬಹುದು." ಲೆಕ್ಕ ಬೇಕಿದ್ದವರು ಓದಿ, "ಮಾರ್ಚ್‌ನಲ್ಲಿ ಟ್ಯಾಂಕರ್‌ಗೆ ಇಷ್ಟ್ಯಾಕೆ?" ಎಂದು ಅಂಕಿ ಹಿಡಿದು ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ, ಉತ್ತರ ಕೊಡಿ. ಕೆಣಕಲು ಬಂದವರು ಫೈಲನ್ನೇ ತೆರೆಯುವುದಿಲ್ಲ. ಮಾತು ಪಾರ್ಕಿಂಗಿಗೆ, ಅಲ್ಲಿಂದ ಸೆಕ್ರೆಟರಿಯ ಮನೆಯವರಿಗೆ, ಕೊನೆಗೆ ಜಾತಿಗೋ ಭಾಷೆಗೋ ಜಾರುತ್ತದೆ. ಎರಡು ಬಾರಿ ಹೀಗಾದರೆ ನಿಮಗೆ ಉತ್ತರ ಸಿಕ್ಕಂತೆ.

ಜಗಳಕ್ಕೆ ಮೊದಲೇ ಮಾಡಿಡಬೇಕಾದ್ದು

ಅಡ್ಮಿನ್‌ಗಳು ಕನಿಷ್ಠ ಮೂವರಿರಲಿ. ಒಬ್ಬರೇ ಇದ್ದರೆ ಅವರು ನಿದ್ದೆಯಲ್ಲಿರುವಾಗ ಗುಂಪು ಹೊತ್ತಿ ಉರಿಯುತ್ತದೆ. ಹತ್ತು ಜನರಿದ್ದರೆ ಒಬ್ಬರು ತೆಗೆದವರನ್ನು ಇನ್ನೊಬ್ಬರು ಸೇರಿಸುತ್ತಾರೆ. ಈ ಮೂವರಿಗೆ ಬೇರೆಯೇ ಒಂದು ಚಿಕ್ಕ ಗುಂಪು ಇರಬೇಕು. ಯಾರ ಬಗ್ಗೆ ದೂರು ಬಂತು, ಯಾರು ಯಾವತ್ತು ಮಾತಾಡಿದರು ಎಂಬುದನ್ನು ಅಲ್ಲಿ ತಾರೀಖಿನ ಸಮೇತ ಬರೆದಿಡಿ. ಗುಂಪು ಕಟ್ಟಿದ ಮೊದಲ ವ್ಯಕ್ತಿ ಯಾರೆಂದು ಈಗಲೇ ನೋಡಿಕೊಳ್ಳಿ. ಅವರಾಗಿ ಹೊರಹೋಗುವವರೆಗೆ ಉಳಿದ ಅಡ್ಮಿನ್‌ಗಳು ಅವರನ್ನು ತೆಗೆಯಲಾಗದು. ಮನೆ ಮಾರಿ ಹೋದ ಹಳೇ ಸೆಕ್ರೆಟರಿ ಇನ್ನೂ ಅಲ್ಲಿದ್ದರೆ ಸೌಹಾರ್ದವಾಗಿರುವಾಗಲೇ ಕೇಳಿಕೊಂಡು ಬಿಡಿಸಿ.

ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ಬದಲಿಸಿ. ಹೊಸಬರು ಅಡ್ಮಿನ್ ಒಪ್ಪಿಗೆಯಿಂದಲೇ ಸೇರುವಂತೆ ಮಾಡಿ, ಗುಂಪಿನ ಹೆಸರು ಮತ್ತು ವಿವರಣೆ ತಿದ್ದುವ ಅಧಿಕಾರವನ್ನು ಅಡ್ಮಿನ್‌ಗಳಿಗಷ್ಟೇ ಬಿಡಿ. ಸೇರಲು ಕೇಳಿದವರಿಂದ ಮನೆ ಸಂಖ್ಯೆ, ಮಾಲೀಕರೋ ಬಾಡಿಗೆದಾರರೋ ಎಂಬುದನ್ನು ಪಡೆದೇ ಒಳಬಿಡಿ. ಯಾರೆಂದು ಗೊತ್ತಿಲ್ಲದ ನಂಬರಿನಿಂದ ಬರುವ ಬೈಗುಳವನ್ನು ನಿಭಾಯಿಸುವುದು ಪರಿಚಿತರ ಕೋಪಕ್ಕಿಂತ ಹತ್ತು ಪಟ್ಟು ಕಷ್ಟ.

ನಿಯಮಗಳು ಐದು ಸಾಲು ಮೀರಬಾರದು, ಮೀರಿದರೆ ಯಾರೂ ಓದುವುದಿಲ್ಲ. "ಎಲ್ಲರೂ ಸಭ್ಯವಾಗಿರಿ" ಎಂಬ ಸಾಲು ವ್ಯರ್ಥ, ಏಕೆಂದರೆ ಬೈಯುವವರೂ ತಮ್ಮನ್ನು ಸಭ್ಯರೆಂದೇ ತಿಳಿದಿರುತ್ತಾರೆ. ಕಣ್ಣಿಗೆ ಕಾಣುವ ಕೆಲಸವನ್ನೇ ಹೆಸರಿಸಿ: ಯಾರ ಮನೆಯವರ ಬಗ್ಗೆಯೂ ಬರೆಯುವಂತಿಲ್ಲ, ಜಾತಿ, ಧರ್ಮ, ಪಕ್ಷದ ಫಾರ್ವರ್ಡ್ ಬೇಡ, ಯಾರದೇ ಫೋಟೊ ಅವರನ್ನು ಕೇಳದೆ ಹಾಕಬೇಡಿ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತುರ್ತು ವಿಷಯ ಮಾತ್ರ, ಏಕವಚನ ಬೇಡ.

ಕೊನೆಯದನ್ನು ಸಣ್ಣದೆನ್ನಬೇಡಿ. ಕನ್ನಡದ ಗುಂಪುಗಳಲ್ಲಿ ಅರ್ಧ ಜಗಳ ಹುಟ್ಟುವುದು ವಿಷಯದಿಂದಲ್ಲ, "ನೀನು" ಎಂಬ ಪದದಿಂದ. ಧಾರವಾಡದ ಕಡೆಯವರು ಸಲಿಗೆಯಿಂದ "ಏನ್ಲೇ" ಎಂದಿದ್ದು ಮೈಸೂರಿನವರ ಕಿವಿಗೆ ಬೈಗುಳವಾಗಿ ಬೀಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಅವಸರಕ್ಕೆ ಪದದ ಕೊನೆ ನುಂಗಿದಾಗ "ಹೇಳಿ" ಎಂಬುದು "ಹೇಳು" ಎಂದೇ ಓದಿಸಿಕೊಳ್ಳುತ್ತದೆ. ಹಾಗಾಗಿ ಏಕವಚನದ ದೂರು ಬಂದಾಗ ಬರೆದವರು ಯಾವ ಕಡೆಯವರು, ಬೇರೆಯವರಿಗೂ ಹಾಗೇ ಬರೆಯುತ್ತಾರಾ ಎಂದು ಮೊದಲು ನೋಡಿ. ಹೌದಾದರೆ ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ ಅದು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಭಾಷೆಯ ಜಗಳ ಬೇರೆ ರೂಪದಲ್ಲಿ ಬರುತ್ತದೆ: ಸೂಚನೆ ಹಿಂದಿಯಲ್ಲಿ ಮಾತ್ರ ಬಂತು, ಇಂಗ್ಲಿಷಿನಲ್ಲಿ ಮಾತ್ರ ಬಂತು ಎಂದು. ನೀರು, ಕರೆಂಟು, ಸಭೆಯ ಸೂಚನೆಗಳನ್ನು ಅಡ್ಮಿನ್‌ಗಳು ಯಾವಾಗಲೂ ಕನ್ನಡದಲ್ಲಿ ಮೊದಲು, ಕೆಳಗೆ ಇಂಗ್ಲಿಷಿನಲ್ಲಿ ಹಾಕಿದರೆ ಕಿಡಿಗೆ ಬೇಕಾದ ಸೌದೆಯೇ ಸಿಗುವುದಿಲ್ಲ.

ಮೊದಲ ಅರ್ಧ ಗಂಟೆ

ಜಗಳ ಹತ್ತಿಕೊಂಡದ್ದು ಕಂಡ ಕೂಡಲೇ ಗುಂಪಿನೊಳಗೆ ನ್ಯಾಯ ಹೇಳಲು ಹೋಗಬೇಡಿ. ಮುನ್ನೂರು ಜನ ನೋಡುತ್ತಿರುವಾಗ ಯಾರೂ ಸೋಲುವುದಿಲ್ಲ. ಮೊದಲ ಕೆಲಸ ಸ್ಕ್ರೀನ್‌ಶಾಟ್: ಹೆಸರು ಅಥವಾ ನಂಬರು, ತಾರೀಖು, ಸಮಯ ಕಾಣುವಂತೆ, ಮೇಲಿನ ಎರಡು ಮೂರು ಮೆಸೇಜ್ ಸಮೇತ. ಕೆಣಕಿದ ಸಾಲು ಬಿಟ್ಟು ಉತ್ತರವನ್ನಷ್ಟೇ ಹಿಡಿದರೆ ನಾಳೆ ತಪ್ಪಿತಸ್ಥರು ಅದಲು ಬದಲಾಗುತ್ತಾರೆ. ಆಮೇಲೆ ಮೆಸೇಜ್ ಕಳಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗಷ್ಟೇ ಸೀಮಿತಗೊಳಿಸಿ. ಈ ಸೌಲಭ್ಯ 2018ರಿಂದ ಇದೆ, ಆದರೂ ಜಗಳದ ಹೊತ್ತಿನಲ್ಲಿ ಬಳಸುವವರು ಕಡಿಮೆ. ಬೀಗ ಹಾಕಿದ ಕೂಡಲೇ ಕಾರಣ ಮತ್ತು ತೆರೆಯುವ ಸಮಯ ಬರೆಯಿರಿ: "ಪಾರ್ಕಿಂಗ್ ವಿಷಯದಲ್ಲಿ ಮಾತು ಬಿಸಿಯಾಗಿದೆ. ನಾಳೆ ಬೆಳಗ್ಗೆ 8ಕ್ಕೆ ಗುಂಪು ತೆರೆಯುತ್ತದೆ. ತುರ್ತಿದ್ದರೆ ಅಡ್ಮಿನ್‌ಗೆ ಫೋನ್ ಮಾಡಿ." ಹೇಳಿದ ಸಮಯಕ್ಕೆ ತೆರೆಯಲೇಬೇಕು. ತೆರೆಯದಿದ್ದರೆ ಎರಡೇ ದಿನದಲ್ಲಿ "ನಿಜವಾದ ನಿವಾಸಿಗಳ ಗುಂಪು" ಎಂಬ ಇನ್ನೊಂದು ಗುಂಪು ಹುಟ್ಟುತ್ತದೆ, ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ.

ಈಗ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಟೈಪ್ ಮಾಡಬೇಡಿ, ನಿಮ್ಮ ಖಾಸಗಿ ಮೆಸೇಜು ಸ್ಕ್ರೀನ್‌ಶಾಟ್ ಆಗಿ ಗುಂಪಿಗೇ ವಾಪಸ್ ಬರುತ್ತದೆ. ಯಾರು ಹೆಚ್ಚು ನೊಂದಿದ್ದಾರೋ ಅವರಿಗೆ ಮೊದಲು ಕರೆ ಹೋಗಲಿ. ಬೈದವರ ಹತ್ತಿರ ಹೀಗೆ ಶುರು ಮಾಡಬಹುದು: "ಸರ್, ಗಾಡಿ ಅಡ್ಡ ನಿಲ್ಲಿಸಿದ್ದು ತಪ್ಪೇ, ಅದನ್ನು ನಾವು ಸರಿಮಾಡಿಸ್ತೀವಿ. ಆದರೆ ಅವರ ಹೆಂಡತಿ ಬಗ್ಗೆ ಬರೆದ ಸಾಲು ಇರಬಾರದು. ನೀವೇ ತೆಗೀತೀರಾ, ನಾವು ತೆಗೀಬೇಕಾ?" ದೂರಿನಲ್ಲಿ ಹುರುಳಿದ್ದರೆ ಅದನ್ನು ಒಪ್ಪಿಕೊಂಡು, ತಪ್ಪಾದ ಒಂದೇ ಸಾಲನ್ನು ಬೆರಳಿಟ್ಟು ತೋರಿಸಬೇಕು. ಬಹಳಷ್ಟು ಜನ ತಾವೇ ತೆಗೆಯುತ್ತಾರೆ. ಬರೆದವರು ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಕಾಲವಿದೆ, ಹಾಗಾಗಿ ಮರುದಿನ ಕರೆ ಮಾಡಿದರೂ ತಡವಲ್ಲ. ಅಡ್ಮಿನ್ ಅಳಿಸಿದರೆ ಯಾವ ಅಡ್ಮಿನ್ ಅಳಿಸಿದರೆಂಬುದು ಎಲ್ಲರಿಗೂ ಕಾಣುತ್ತದೆ; ಆದ್ದರಿಂದ ಜಗಳದಲ್ಲಿ ಪಾಲಿಲ್ಲದ ಅಡ್ಮಿನ್ನೇ ಅದನ್ನು ಮಾಡಲಿ.

ಬುದ್ಧಿ ಹೇಳಿದರೂ ಕೇಳದವರು

ಕೆಣಕುವವರಿಗೆ ಬೇಕಿರುವುದು ನಿಮ್ಮ ಉದ್ದುದ್ದ ಉತ್ತರ. ಒಂದು ಸಲ ಫೋನಿನಲ್ಲಿ ಎಚ್ಚರಿಸಿ, ಎರಡನೇ ಸಲ ಮೂವರು ಅಡ್ಮಿನ್‌ಗಳ ಹೆಸರಿನಲ್ಲಿ ಬರಹದಲ್ಲಿ ಎಚ್ಚರಿಸಿ, ಮೂರನೇ ಸಲ ತೆಗೆಯಿರಿ. ಜಾತಿನಿಂದನೆ, ಹೆಂಗಸರ ಬಗ್ಗೆ ಅಶ್ಲೀಲ ಮಾತು, ಹೊಡೆಯುವ ಬೆದರಿಕೆಗೆ ಎಚ್ಚರಿಕೆಯ ಲೆಕ್ಕವಿಲ್ಲ, ಮೊದಲ ಸಲವೇ ಹೊರಗೆ. ತೆಗೆಯುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ವಾಯ್ಸ್ ಮೆಸೇಜ್ ಇದ್ದರೆ ಮೀಡಿಯಾ ಸಮೇತ. ತೆಗೆದ ಕೂಡಲೇ ಆಮಂತ್ರಣದ ಲಿಂಕನ್ನು ರೀಸೆಟ್ ಮಾಡಿ, ಇಲ್ಲವಾದರೆ ಇನ್ನೊಂದು ನಂಬರಿನಿಂದ ಬಂದು ಕದ ತಟ್ಟುತ್ತಾರೆ. ಗುಂಪಿಗೆ ಹೇಳಬೇಕಾದ್ದು ಒಂದೇ ಸಾಲು: "ಮೊದಲನೇ ನಿಯಮ ಮೀರಿದ್ದಕ್ಕೆ ಒಬ್ಬ ಸದಸ್ಯರನ್ನು 30 ದಿನ ತೆಗೆಯಲಾಗಿದೆ." ಹೆಸರು ಬೇಡ, ಚರ್ಚೆ ಬೇಡ.

ಹೊರಗೆ ಹಾಕಿದವರಿಗೂ ಅದೇ ಬಡಾವಣೆಯ ನಲ್ಲಿಯಲ್ಲೇ ನೀರು ಬರಬೇಕು ಎಂಬುದು ನೆನಪಿರಲಿ. ನೀರು ನಿಲ್ಲುವ, ಕರೆಂಟು ಹೋಗುವ ಸೂಚನೆ ಅವರಿಗೆ ಎಸ್‌ಎಂಎಸ್‌ನಲ್ಲೋ ನೋಟಿಸ್ ಬೋರ್ಡಿನಲ್ಲೋ ಸಿಗಲೇಬೇಕು. ಇದಕ್ಕೇ ಸೂಚನೆಗಳ ಗುಂಪು ಮತ್ತು ಹರಟೆಯ ಗುಂಪು ಬೇರೆ ಬೇರೆ ಇದ್ದರೆ ಒಳ್ಳೆಯದು: ಸೂಚನೆಯದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಅಲ್ಲಿಂದ ಯಾರನ್ನೂ ತೆಗೆಯುವ ಪ್ರಮೇಯವೇ ಬರುವುದಿಲ್ಲ.

ವದಂತಿ ಬಂದರೆ ಕಾಯಬೇಡಿ

ಮಕ್ಕಳ ಕಳ್ಳರು, ಗಲಭೆ, ವಿಷದ ನೀರು ಎಂಬಂಥ ಮೆಸೇಜಿಗೆ ಮೇಲಿನ ನಿಧಾನದ ಕ್ರಮ ಸಲ್ಲದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿದ್ದು ಅದೇ ತಿಂಗಳು. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಆ ಕ್ಷಣವೇ ಅಳಿಸಿ, ಗುಂಪು ಮುಚ್ಚಿ, ಸ್ಥಳೀಯ ಠಾಣೆಗೆ ಅಥವಾ 112ಕ್ಕೆ ಕರೆ ಮಾಡಿ ಕೇಳಿ, ಅವರು ಹೇಳಿದ್ದನ್ನು ಗುಂಪಿಗೆ ಬರೆಯಿರಿ. ಜೋಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು ಎಂದರ್ಥ. ಕಳಿಸಿದವರು ಹೆದರಿ ಕಳಿಸಿರುತ್ತಾರೆ, ಅವರನ್ನು ಎಲ್ಲರೆದುರು ಹೀಯಾಳಿಸಬೇಡಿ.

ಕಾನೂನಿನ ಮಾತು

"ಅಡ್ಮಿನ್ ಮೇಲೇ ಕೇಸು ಹಾಕ್ತೀನಿ" ಎಂದು ಹೆದರಿಸುವವರು ಸಿಗುತ್ತಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಮೆಸೇಜಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದೆಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆನ್‌ಲೈನಿನ ಆಕ್ಷೇಪಾರ್ಹ ಮೆಸೇಜಿಗೆ ಶಿಕ್ಷೆ ಹೇಳುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ಹೆಸರು ಹೇಳಿದರೂ ಅಂಜಬೇಕಿಲ್ಲ, ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಆದರೆ ಕೊಲೆ ಬೆದರಿಕೆ, ಹೆಂಗಸರನ್ನು ಹಿಂಬಾಲಿಸಿ ಕಾಡುವುದು, ಖಾಸಗಿ ಫೋಟೊ ಹಂಚುವುದು ಅಡ್ಮಿನ್ ಮಟ್ಟದಲ್ಲಿ ರಾಜಿ ಮಾಡಿಸುವ ವಿಷಯಗಳೇ ಅಲ್ಲ. ನೊಂದವರ ಜೊತೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ, ಅಥವಾ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿಸಿ. ಸ್ಕ್ರೀನ್‌ಶಾಟ್ ಸಾಕೆಂದು ಮೂಲ ಚಾಟ್ ಅಳಿಸಬೇಡಿ, ಫೋನ್ ಮಾರಬೇಡಿ. ಮಕ್ಕಳ ಅಶ್ಲೀಲ ಚಿತ್ರ ಬಂದರೆ ಮಾತ್ರ ಸಾಕ್ಷಿಗೆಂದೂ ನಕಲು ಮಾಡಿಕೊಳ್ಳಬಾರದು, ಯಾರಿಗೂ ಕಳಿಸಬಾರದು. ನೇರ ಪೊಲೀಸರಿಗೆ ತಿಳಿಸಿ.

ತೆಗೆದವರನ್ನು ಮತ್ತೆ ಸೇರಿಸುವಾಗ

30 ದಿನ ಮುಗಿದ ಮೇಲೆ ಅವರು ಕೇಳಲಿ ಎಂದು ಕಾಯದೆ ನೀವೇ ಕರೆ ಮಾಡಿ. ಕ್ಷಮೆ ಕೇಳಬೇಕೆಂಬ ಷರತ್ತು ಹಾಕಬೇಡಿ, ನಿಯಮ ಓದಿ "ಸರಿ" ಎಂದರೆ ಸಾಕು. ಹಬ್ಬದ ದಿನವೋ ಬಡಾವಣೆಯ ಸಭೆಯ ಹಿಂದಿನ ದಿನವೋ ಬೇಡ. ಸದ್ದಿಲ್ಲದ ಒಂದು ಮಂಗಳವಾರ ಸೇರಿಸಿ, ಗುಂಪಿನಲ್ಲಿ ಏನೂ ಬರೆಯಬೇಡಿ. ಮೊದಲ ವಾರ ಅವರನ್ನು ಯಾರಾದರೂ ಚುಚ್ಚಿದರೆ ಎಚ್ಚರಿಕೆಯ ಕರೆ ಹೋಗಬೇಕಾದ್ದು ಚುಚ್ಚಿದವರಿಗೆ.